ಪಾಲ್ ಅವರ ತೀರ್ಪನ್ನು ಅರ್ಧಕ್ಕೆ ನಿಲ್ಲಿಸುವುದು ಬೇಡ

ಮಾನ್ಯ ಸಂಪಾದಕರೆ,

ಎರಡನೆಯ ಮಹಾಯುದ್ಧದ ನಂತರ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯ ಪ್ರಸ್ತಾಪ ಬಂದಾಗಲೆಲ್ಲ, 11 ನ್ಯಾಯಾಧೀಶರ ಪೈಕಿ ಭಾರತದ ರಾಧಾಬಿನೋದ್ ಪಾಲ್ ಒಬ್ಬರೇ ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆಗೆ ಕಾರಣವೂ ಇದೆ. ಆದರೆ ಅಷ್ಟಕ್ಕೇ ಮಾತು ನಿಲ್ಲಿಸಿದರೆ, ಜಪಾನ್ ತಪ್ಪನ್ನೇ ಮಾಡಿರಲಿಲ್ಲವೆಂದು ಅವರು ಹೇಳಿದಂತೆ ಕೇಳಿಸುತ್ತದೆ. ಅವರು ಹಾಗೆ ಹೇಳಲಿಲ್ಲ.

ಸಾವಿರಕ್ಕೂ ಹೆಚ್ಚು ಪುಟಗಳ ಆ ಭಿನ್ನ ತೀರ್ಪಿನ ಬುಡದಲ್ಲಿದ್ದದ್ದು ಕಾನೂನಿನ ಪ್ರಶ್ನೆ. ಆಕ್ರಮಣಕಾರಿ ಯುದ್ಧ ಹೂಡಿದ್ದಕ್ಕಾಗಿ ವ್ಯಕ್ತಿಗಳನ್ನು ಶಿಕ್ಷಿಸುವ ಕಾನೂನು ಯುದ್ಧ ಆರಂಭವಾದಾಗ ಇರಲಿಲ್ಲ. ಗೆದ್ದವರು ಆಮೇಲೆ ಬರೆದ ಸನ್ನದಿನಿಂದ ಹಿಂದಿನ ಕೃತ್ಯವನ್ನು ಅಪರಾಧವಾಗಿಸುವುದು ನ್ಯಾಯವಲ್ಲ ಎಂಬುದು ಅವರ ವಾದ. ಅದೇ ತೀರ್ಪಿನಲ್ಲಿ ಅವರು, 1937ರ ಡಿಸೆಂಬರ್‌ನಲ್ಲಿ ಚೀನಾದ ನಾನ್‌ಜಿಂಗ್ ನಗರ ಹಿಡಿದ ಜಪಾನೀ ಸೈನಿಕರು ನಾಗರಿಕರ ಮೇಲೆ ನಡೆಸಿದ ದೌರ್ಜನ್ಯಗಳಿಗೆ ಅಗಾಧ ಸಾಕ್ಷ್ಯವಿದೆಯೆಂದು ಸ್ಪಷ್ಟವಾಗಿ ಒಪ್ಪಿದ್ದಾರೆ. ಕಟಕಟೆಯಲ್ಲಿದ್ದವರೇ ಅದನ್ನು ಮಾಡಿಸಿದರೆಂಬುದು ಸಾಬೀತಾಗಿಲ್ಲ ಎಂಬುದಷ್ಟೇ ಅವರ ನಿಲುವು. ಈ ತೀರ್ಪನ್ನು ತೆರೆದ ನ್ಯಾಯಾಲಯದಲ್ಲಿ ಓದಲೇ ಇಲ್ಲ. ಬಹುಮತದ ತೀರ್ಪಿನಂತೆ 25 ಮಂದಿ ಅಪರಾಧಿಗಳಾದರು, 1948ರ ಡಿಸೆಂಬರ್ 23ರಂದು ಏಳು ಮಂದಿಯನ್ನು ಗಲ್ಲಿಗೇರಿಸಲಾಯಿತು.

‘ಗೆದ್ದವರ ನ್ಯಾಯ’ ಎಂಬ ಆಕ್ಷೇಪದಲ್ಲಿ ಹುರುಳಿದೆ. ಜರ್ಮನಿಯ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ ಸೋವಿಯತ್ ಅಭಿಯೋಜಕರು ಕತೀನ್ ಕಾಡಿನಲ್ಲಿ ಪೋಲೆಂಡಿನ ಅಧಿಕಾರಿಗಳನ್ನು ಕೊಂದ ಆರೋಪವನ್ನು ಜರ್ಮನ್ನರ ತಲೆಗೆ ಕಟ್ಟಿದರು. ತೀರ್ಪು ಅದರ ಬಗ್ಗೆ ಚಕಾರ ಎತ್ತಲಿಲ್ಲ. ಕೊಂದದ್ದು ತಮ್ಮ ರಹಸ್ಯ ಪೊಲೀಸರೇ ಎಂದು ಮಾಸ್ಕೊ ಒಪ್ಪಿಕೊಂಡದ್ದು 1990ರಲ್ಲಿ. ಆದರೆ ಇಂಥ ಪಕ್ಷಪಾತದ ಬೆಲೆ ತೆತ್ತವರು ಸೋತ ಸೇನಾಧಿಪತಿಗಳು ಮಾತ್ರವೇ? ನನ್ನ ಮಟ್ಟಿಗೆ, ಹೆಚ್ಚು ತೆತ್ತವರು ಸಂತ್ರಸ್ತರು. ಈಶಾನ್ಯ ಚೀನಾದ ಮಂಚೂರಿಯದಲ್ಲಿ ಜೀವಂತ ಕೈದಿಗಳ ಮೇಲೆ ರೋಗಾಣುಗಳನ್ನು ಪ್ರಯೋಗಿಸಿದ ಜಪಾನೀ ಸೇನೆಯ 731ನೇ ಘಟಕದ ಮುಖ್ಯಸ್ಥ ಶಿರೊ ಇಶಿಯಿ ಟೋಕಿಯೊದ ಕಟಕಟೆಗೆ ಬರಲೇ ಇಲ್ಲ. ಆ ಪ್ರಯೋಗಗಳ ಮಾಹಿತಿ ತನಗೆ ಸಿಗಲೆಂದು ಅಮೆರಿಕ ಅವನಿಗೂ ಸಹಚರರಿಗೂ ರಕ್ಷಣೆ ಕೊಟ್ಟಿತು. ಆ ಕೈದಿಗಳ ಮನೆಯವರಿಗೆ ಟೋಕಿಯೊ ವಿಚಾರಣೆಯಿಂದ ಯಾವ ತೀರ್ಪೂ ಸಿಗಲಿಲ್ಲ.

ಯುದ್ಧಾಪರಾಧಿಗಳೆಂದು ಶಿಕ್ಷೆಗೊಳಗಾದವರನ್ನೂ ಪೂಜಿಸುವ ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲಿ 2005ರಿಂದ ಪಾಲ್ ಅವರ ಸ್ಮಾರಕವಿದೆ. ಅವರ ಹೆಸರು ಅಲ್ಲಿ ಹೇಗೆ ಬಳಕೆಯಾಗುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ನಮ್ಮ ಪತ್ರಿಕೆಗಳು ಹೇಗೆ ಬಳಸುತ್ತವೆಂಬುದು ಇದೆ. ಆದ್ದರಿಂದ ಮುಂದೆ ತಮ್ಮ ಪುಟಗಳಲ್ಲಿ ಪಾಲ್ ಅವರ ತೀರ್ಪಿನ ಉಲ್ಲೇಖ ಬಂದಾಗ, ನಾನ್‌ಜಿಂಗ್ ಕುರಿತು ಅವರು ಬರೆದದ್ದನ್ನೂ ಜೊತೆಗೆ ಅಚ್ಚುಮಾಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ