ತೆರಿಗೆ ಕಟ್ಟಿದ್ದಾರೆ, ದುಡ್ಡು ಕೊಟ್ಟಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಮೈಸೂರಿನಲ್ಲಿ ಮನೆಯಿಂದಲೇ ಅನುವಾದದ ಕೆಲಸ ಮಾಡುವವಳು. ಜಾಹೀರಾತು, ತರಬೇತಿ ಪುಸ್ತಕ, ಆ್ಯಪ್‌ಗಳ ಒಳಗೆ ಬರುವ ಸಾಲುಗಳು, ಹೀಗೆ ಸಿಕ್ಕಿದ್ದೆಲ್ಲ ಮಾಡುತ್ತೇನೆ. ಹೋದ ವರ್ಷ ಒಂದು ಏಜೆನ್ಸಿಗೆ 64,000 ರೂಪಾಯಿಯ ಕೆಲಸ ಮಾಡಿಕೊಟ್ಟೆ. ಬಿಲ್ ಕಳಿಸಿ ಹನ್ನೊಂದು ತಿಂಗಳಾಯಿತು. ಮೊದಲು "ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ ಮೇಡಂ" ಅಂದರು, ಆಮೇಲೆ "ನಮಗೇ ಪಾರ್ಟಿ ಕಡೆಯಿಂದ ಬಂದಿಲ್ಲ", ಆಮೇಲೆ "ಮುಂದಿನ ಶುಕ್ರವಾರ ಗ್ಯಾರಂಟಿ". ಯಾವ ವರ್ಷದ ಶುಕ್ರವಾರ ಅಂತ ಕೇಳಬೇಕಿತ್ತು. ಈಗ ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬಿಟ್ಟರೆ ಉತ್ತರ ಇಲ್ಲ.

ತಮಾಷೆ ಏನು ಗೊತ್ತಾ? ರಿಟರ್ನ್ಸ್ ಹಾಕಲು ಕೂತು ಫಾರ್ಮ್ 26ಎಎಸ್ (ನಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಕಟ್ಟಿದ್ದಾರೆ ಅಂತ ತೋರಿಸುವ ತೆರಿಗೆ ಇಲಾಖೆಯ ಹಾಳೆ) ತೆಗೆದರೆ, ಅದರಲ್ಲಿ ಅದೇ ಏಜೆನ್ಸಿಯ ಹೆಸರು, ಪಕ್ಕದಲ್ಲಿ 64,000, ಅದರ ಪಕ್ಕದಲ್ಲಿ ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಂಡ ತೆರಿಗೆ, 6,400! ದುಡ್ಡು ಕೈಗೆ ಕೊಡದಿದ್ದರೂ, ಬಿಲ್ ಲೆಕ್ಕಕ್ಕೆ ಬರೆದುಕೊಂಡ ಕೂಡಲೇ ತೆರಿಗೆ ಹಿಡಿದು ಕಟ್ಟಬೇಕು ಅನ್ನೋದು ನಿಯಮ. ಹಾಗಾಗಿ ಸರ್ಕಾರದ ಪಾಲು ಸರ್ಕಾರಕ್ಕೆ ಚೊಕ್ಕವಾಗಿ ಹೋಗಿದೆ, ನನ್ನ 57,600 ಮಾತ್ರ ಅವರ ಹತ್ತಿರವೇ ಇದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋದು ಸಾಲಕ್ಕೆ ಮಾತ್ರ ಅಂದುಕೊಂಡಿದ್ದೆ. ಬಾಕಿ ಇರುವವರೆಲ್ಲ ಆ ಹಾಳೆಯನ್ನು ಒಮ್ಮೆ ನೋಡಿ, ಬಿಲ್ ಒಪ್ಪಿದ್ದಾರೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಸಿಗೋದು ಕಷ್ಟ.

ಸರಿ, ಸಾಕ್ಷಿ ಇದೆ, ಹೋಗೋದು ಎಲ್ಲಿಗೆ? ನಾನು ಅವರ ನೌಕರಳಲ್ಲ, ಹಾಗಾಗಿ ಕಾರ್ಮಿಕ ಇಲಾಖೆ ನನ್ನದಲ್ಲ. ಸಿವಿಲ್ ಕೋರ್ಟಿಗೆ ಮೂರು ವರ್ಷದೊಳಗೆ ಹೋಗಬಹುದು, ಆದರೆ 57,600ಕ್ಕೆ ವಕೀಲರ ಫೀಸು, ಕೋರ್ಟ್ ಫೀಸು, ಓಡಾಟ ಎಲ್ಲ ಕೂಡಿಸಿದರೆ ಗೆದ್ದರೂ ಸೋತ ಹಾಗೆ. ಇದು ಏಜೆನ್ಸಿಯವರಿಗೂ ಚೆನ್ನಾಗಿ ಗೊತ್ತು.

ಇರುವ ಒಂದು ಗಟ್ಟಿ ದಾರಿ ಸಣ್ಣ ಉದ್ಯಮಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇ ಕಾಯ್ದೆ. ಅದು ಕಾರ್ಖಾನೆಯವರಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಮನೆಯಲ್ಲಿ ಕೂತು ಡಿಸೈನ್ ಮಾಡುವವರು, ಅನುವಾದ ಮಾಡುವವರು ಕೂಡ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ಪುಕ್ಕಟೆ ನೋಂದಣಿ ಮಾಡಿಸಬಹುದು (ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ). ಆ ಕಾಯ್ದೆಯ ಪ್ರಕಾರ ಬರಹದ ಒಪ್ಪಂದ ಇದ್ದರೂ ದುಡ್ಡು ಕೊಡಲು 45 ದಿನ ಮೀರುವ ಹಾಗಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಅದು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೇಳೋದು ರಾಜ್ಯ ಸರ್ಕಾರ ರಚಿಸಿದ ಮಂಡಳಿ, 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾನೂನಿನಲ್ಲೇ ಇದೆ, ಮತ್ತು ಆ ತೀರ್ಪಿನ ವಿರುದ್ಧ ಹೋಗಬೇಕಾದರೆ ಎದುರು ಪಾರ್ಟಿ ಮೊದಲು ಮುಕ್ಕಾಲು ಪಾಲು ದುಡ್ಡು ಇಡಬೇಕು. ಓದುವಾಗ ಖುಷಿಯಾಯಿತು.

ಆದರೆ ನಾನು ನೋಂದಣಿ ಮಾಡಿಸಿದ್ದು ಕೆಲಸ ಮುಗಿದ ಮೇಲೆ. ಕೆಲಸಕ್ಕೆ ಮೊದಲೇ ನೋಂದಣಿ ಆಗಿರಬೇಕಿತ್ತಾ ಅನ್ನೋ ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಗಿರುವಂಥದ್ದು, ಏಜೆನ್ಸಿಯವರು ಅದನ್ನು ಎತ್ತದೆ ಬಿಡ್ತಾರಾ? ತಪ್ಪು ನನ್ನದೂ ಇದೆ, ಬರಹದಲ್ಲಿ ಏನೂ ಮಾಡಿಸಿಕೊಂಡಿರಲಿಲ್ಲ, ಎಲ್ಲ ಫೋನಿನಲ್ಲೇ. ಆದರೆ ಕೆಲಸ ಹುಡುಕುತ್ತಿರುವವರು ಮೊದಲ ದಿನವೇ "ಅಗ್ರಿಮೆಂಟ್ ಮಾಡಿ" ಅಂದರೆ ಕೆಲಸ ಇನ್ನೊಬ್ಬರ ಪಾಲಾಗುತ್ತೆ, ಅಲ್ವಾ?

ಅಮೆರಿಕದ ಕೆಲವು ರಾಜ್ಯಗಳು ಸರಿಯಾಗಿ ಹಿಡಿದಿರುವುದು ಇದನ್ನೇ. ನ್ಯೂಯಾರ್ಕ್ ನಗರ 2017ರಲ್ಲೇ ಇಂಥ ಕಾನೂನು ತಂದಿತು, 2024ರ ಆಗಸ್ಟ್‌ನಿಂದ ಅದು ಇಡೀ ನ್ಯೂಯಾರ್ಕ್ ರಾಜ್ಯಕ್ಕೆ ಬಂತು. ಅದಕ್ಕೂ ಒಂದು ತಿಂಗಳು ಮೊದಲು ಇಲಿನಾಯ್, 2025ರ ಜನವರಿಯಿಂದ ಕ್ಯಾಲಿಫೋರ್ನಿಯಾ. ನ್ಯೂಯಾರ್ಕ್‌ನಲ್ಲಿ 800 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯ ಕೆಲಸಕ್ಕೆ ಬರಹದ ಒಪ್ಪಂದ ಮಾಡಿಕೊಡುವ ಹೊಣೆ ಕೆಲಸ ಕೊಟ್ಟವರದ್ದು. ದಿನಾಂಕ ಬರೆದಿಲ್ಲ ಅಂದರೆ ಕೆಲಸ ಮುಗಿದ 30 ದಿನದೊಳಗೆ ದುಡ್ಡು ಕೊಡಬೇಕು, ಕೊಡದಿದ್ದರೆ ಕೋರ್ಟಿನಲ್ಲಿ ದುಪ್ಪಟ್ಟು. ದುಡ್ಡು ಕೇಳಿದ್ದಕ್ಕೆ ಸೇಡು ತೀರಿಸಿಕೊಳ್ಳುವ ಹಾಗೂ ಇಲ್ಲ. ಮೊದಲೇ ಎಲ್ಲೋ ನೋಂದಣಿ ಮಾಡಿಸಿರಬೇಕು ಅನ್ನೋ ರಗಳೆ ಇಲ್ಲ.

ನಮ್ಮ ರಾಜ್ಯ ಇಂಥದ್ದರಲ್ಲಿ ಹಿಂದೆ ಬಿದ್ದಿದೆ ಅಂತ ನಾನು ಹೇಳುತ್ತಿಲ್ಲ. 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದ್ದು ಇದೇ ಕರ್ನಾಟಕ, ಕಂಪನಿಗಳಿಂದ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಅಂತ ಮಾಡಿದ್ದಾರೆ, ಊಟ ತಂದುಕೊಡುವ ಹುಡುಗರಿಗೆ ಅದು ಸಿಗಲೇಬೇಕು. ಆದರೆ ಆ ಕಾಯ್ದೆ ಆ್ಯಪ್ ಮೂಲಕ ದುಡಿಯುವವರಿಗೆ. ನೇರವಾಗಿ ಫೋನ್ ಮಾಡಿ ಕೆಲಸ ಕೊಟ್ಟು ಆಮೇಲೆ ಫೋನ್ ಎತ್ತದವರ ಕೈಯಲ್ಲಿ ಸಿಕ್ಕಿದ ಫೋಟೋಗ್ರಾಫರ್, ವಿಡಿಯೋ ಎಡಿಟರ್, ಅನುವಾದಕರಿಗೆ ಅದರಲ್ಲಿ ಜಾಗ ಇಲ್ಲ. ಕಾರ್ಮಿಕ ಸಚಿವರು ಒಂದು ಪುಟ್ಟ ಕಾನೂನು ತರಲಿ: ಒಪ್ಪಂದ ಬರೆದು ಕೊಡೋದು ಕೆಲಸ ಕೊಡುವವರ ಹೊಣೆ, 30 ದಿನದ ಗಡುವು, ತಪ್ಪಿದರೆ ದುಪ್ಪಟ್ಟು, ಮತ್ತು ವಕೀಲರಿಲ್ಲದೆ ಕನ್ನಡದಲ್ಲೇ ದೂರು ಬರೆದುಕೊಡಲು ಜಿಲ್ಲೆಗೊಂದು ಕಚೇರಿ.

ಅಂದಹಾಗೆ ಹೋದ ವಾರ ಅದೇ ಏಜೆನ್ಸಿಯಿಂದ ಮೇಲ್ ಬಂತು, ಹನ್ನೆರಡು ಪುಟ, ಅರ್ಜೆಂಟ್, ರೇಟ್ ಹೇಳಿ ಅಂತ. 26ಎಎಸ್ ಹಾಳೆಯನ್ನು ಲಗತ್ತಿಸಿ ಕಳಿಸಿದ್ದೇನೆ. ಇನ್ನು ಪತ್ರಿಕೆಗಳಿಗೆ ಬರೆಯುವ ಹವ್ಯಾಸಿ ಲೇಖಕರಿಗೆ ಸಂಭಾವನೆ ಯಾವಾಗ ಬರುತ್ತೆ ಅನ್ನೋದು ಸಂಪಾದಕರಾದ ನಿಮಗೇ ಗೊತ್ತಿರುತ್ತೆ, ಅದನ್ನು ನಾನಿಲ್ಲಿ ಎತ್ತೋದಿಲ್ಲ, ಪತ್ರ ಅಚ್ಚಾಗಲಿ.

ಇಂತಿ,
ಒಬ್ಬ ಅನುವಾದಕಿ, ಮೈಸೂರು