ಅಪ್ಪಯ್ಯನ ವಾಚಿನ ಡಯಲ್ ಮುಟ್ಟಿಸಬೇಡ

ಪ್ರಿಯ ಗೆಳೆಯಾ,

ಪೆಟ್ಟಿಗೆಯ ಅಡಿಯಲ್ಲಿ ನಿನ್ನ ಅಪ್ಪಯ್ಯನ ಎಚ್‌ಎಂಟಿ ಜನತಾ ಸಿಕ್ಕಿತೆಂದು ಓದಿ ತುಂಬ ಖುಷಿಯಾಯಿತು. ಆದರೆ ಕೊನೆಗೆ ‘ಡಯಲ್‌ಗೆ ಹೊಸ ಬಣ್ಣ ಹಾಕಿಸಿ, ಕೇಸು ಪಾಲಿಶ್ ಮಾಡಿಸ್ತೆ’ ಎಂದು ಬರೆದೆಯಲ್ಲ, ಅದಕ್ಕೇ ತಡಮಾಡದೆ ಉತ್ತರಿಸುತ್ತಿದ್ದೇನೆ. ಬೇಡ ಮಾರಾಯ.

ಹಳೇ ವಾಚಿನ ಬೆಲೆಯ ದೊಡ್ಡ ಪಾಲು ಇರುವುದೇ ಡಯಲ್‌ನಲ್ಲಿ. ಅಂಚು ಹಳದಿಗಟ್ಟಿರಲಿ, ಕಲೆ ಕೂತಿರಲಿ, ಕಾರ್ಖಾನೆಯಿಂದ ಬಂದದ್ದು ಹಾಗೇ ಇರಬೇಕು. ಆನ್‌ಲೈನಿನಲ್ಲಿ ಕೆಂಪು, ಹಸಿರು, ಕಿತ್ತಳೆ ಬಣ್ಣದಲ್ಲಿ ಹೊಳೆಯುವ ‘ಎಚ್‌ಎಂಟಿ ಪೈಲಟ್’ಗಳಲ್ಲಿ ಎಷ್ಟೋ ಮರುಬಣ್ಣ ಕಂಡವು. ಅಕ್ಷರ ದಪ್ಪ, ನಿಮಿಷದ ಗೆರೆ ಸೊಟ್ಟ. ಬಲ್ಲವರು ಭೂತಗನ್ನಡಿ ಹಿಡಿದ ಕೂಡಲೇ ಕೆಳಗಿಡುತ್ತಾರೆ. ಪಾಲಿಶ್ ಇನ್ನೂ ಅಪಾಯ. ಆ ಕಾಲದ ಅಗ್ಗದ ಮಾದರಿಗಳ ಕೇಸು ಹೆಚ್ಚಾಗಿ ಹಿತ್ತಾಳೆ, ಮೇಲೆ ತೆಳ್ಳಗೆ ಕ್ರೋಮ್. ಉಜ್ಜಿದರೆ ಕ್ರೋಮ್ ಹೋಗಿ ಹಿತ್ತಾಳೆ ಕಾಣುತ್ತದೆ. ಗಾಜು ಮಾತ್ರ ಅಕ್ರಿಲಿಕ್, ಅದರ ಗೀರು ತೆಗೆಸಬಹುದು, ಒಡೆದಿದ್ದರೆ ಬದಲಿಸಲೂಬಹುದು.

ದುಡ್ಡು ಹಾಕುವುದಾದರೆ ಒಳಗಿನ ಯಂತ್ರಕ್ಕೆ ಹಾಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಶುರುವಾಯಿತಲ್ಲ, ಜನತಾ ಅದೇ ಮನೆತನದ ಕೀಲಿ ವಾಚು. ಗಂಟೆಗೆ 18,000 ಮಿಡಿತ, ಅಂದರೆ ಸೆಕೆಂಡಿಗೆ ಐದು. 17 ಜ್ಯೂವೆಲ್‌ಗಳ, ಅಂದರೆ ಸವೆತ ತಡೆಯುವ ಗಟ್ಟಿ ಹರಳುಗಳ ನಡುವೆ ಚಕ್ರದ ಮೊನೆಗಳು ತಿರುಗುವುದು ಕಣ್ಣಿಗೂ ಕಾಣದಷ್ಟು ಎಣ್ಣೆಯಲ್ಲಿ. ವರ್ಷಗಟ್ಟಲೆ ಇಟ್ಟರೆ ಆ ಎಣ್ಣೆ ಅಂಟಾಗುತ್ತದೆ, ಒಣಗುತ್ತದೆ. ಆಮೇಲೂ ವಾಚು ಓಡೀತು, ಆದರೆ ಓಡಿದಷ್ಟೂ ಮೊನೆ ಸವೆಯುತ್ತದೆ. ಆದ್ದರಿಂದ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿಸುವವರೆಗೆ ಕೀಲಿ ಕೊಡುತ್ತಾ ಕೂರಬೇಡ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ 2016ರಲ್ಲೇ ಒಪ್ಪಿತು. ಈಗ ಬಿಡಿಭಾಗವೆಂದರೆ ಇನ್ನೊಂದು ಕೆಟ್ಟ ವಾಚಿನಿಂದ ತೆಗೆದದ್ದೇ ಹೆಚ್ಚು. ರಿಪೇರಿಯವರು ಏನೇ ಬದಲಿಸಲಿ, ಹಳೇ ಭಾಗವನ್ನು ಕೇಳಿ ತಗೋ, ಕೀಲಿ ತಿರುಪನ್ನಂತೂ ಬಿಡಬೇಡ.

ನಮ್ಮ ಹವೆಯದ್ದೇ ದೊಡ್ಡ ಚಿಂತೆ. ಇಲ್ಲಿ ಕಾರವಾರದಲ್ಲಿ ಉಪ್ಪುಗಾಳಿ, ಅಲ್ಲಿ ಶಿರಸಿಯಲ್ಲಿ ಮಳೆಗಾಲವಿಡೀ ಬೂಸ್ಟು. ಜನತಾಕ್ಕೆ ನೀರು ತಡೆಯುವ ಶಕ್ತಿ ಇಲ್ಲ. ಗಾಜಿನೊಳಗೆ ಮಂಜು ಕಟ್ಟಿತೋ, ಉಕ್ಕಿನ ಭಾಗಗಳಿಗೆ ತುಕ್ಕು ಶುರುವಾಯಿತೆಂದೇ ತಿಳಿ, ಅದೇ ವಾರ ಬಿಚ್ಚಿಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು. ಬೆಚ್ಚಗಿರಲೆಂದು ಒಲೆ ಮೇಲಿನ ಅಟ್ಟಕ್ಕೆ ಏರಿಸಬೇಡ, ಹೊಗೆ ಮತ್ತು ಬಿಸಿ ಎಣ್ಣೆಗೆ ಆಗದು. ಚರ್ಮದ ಪಟ್ಟಿ ಬಿಚ್ಚಿ ಬೇರೆ ಇಡು, ಬೂಸ್ಟು ಮೊದಲು ಹಿಡಿಯುವುದು ಅದಕ್ಕೇ.

ಇಲ್ಲಿ ಪೇಟೆಯಲ್ಲಿ ಕೀಲಿ ವಾಚು ಬಿಚ್ಚಿ ಕೂಡಿಸಬಲ್ಲ ಹಿರಿಯರೊಬ್ಬರಿದ್ದಾರೆ, ಡಯಲ್ ಮುಟ್ಟಬೇಡಿ ಎಂದರೆ ಮುಟ್ಟುವವರಲ್ಲ. ಮಳೆ ಹಿಡಿಯುವ ಮೊದಲು ದೇವಿಮನೆ ಘಟ್ಟ ಇಳಿದು ಬಾ. ಪೆಟ್ಟಿಗೆಯಲ್ಲಿ ಖರೀದಿ ಚೀಟಿ, ಡಬ್ಬಿ ಇದ್ದರೆ ಅದನ್ನೂ ತಾ.

ನಿನ್ನ
ಕಾರವಾರದ ಗೆಳೆಯ