ನ್ಯೂ ಹೋಪ್ ನೋಡಲು ಬರುವ ಅಣ್ಣನಿಗೆ

ಟ್ರೆಂಟನ್, ನ್ಯೂಜೆರ್ಸಿ

ಅಣ್ಣನಿಗೆ ನಮಸ್ಕಾರ,

ಇಲ್ಲಿ ಎಲ್ಲರೂ ಕ್ಷೇಮ. ಅಕ್ಟೋಬರಿನಲ್ಲಿ ನೀನೂ ಅತ್ತಿಗೆಯೂ ಬಂದಾಗ ನ್ಯೂಯಾರ್ಕಿಗೆ ಒಂದು ದಿನ ಸಾಕು. ನ್ಯೂ ಹೋಪ್‌ಗೆ ಮಾತ್ರ ಪೂರಾ ಒಂದು ದಿನ ಬೇಕು, ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ಡೆಲವೇರ್ ಹೊಳೆಯ ಪಡುವಣ ದಂಡೆಯ ಪುಟ್ಟ ಊರು ಅದು, ಪೆನ್ಸಿಲ್ವೇನಿಯಾಕ್ಕೆ ಸೇರಿದ್ದು. ಈಚೆ ದಂಡೆಯಲ್ಲಿ ನ್ಯೂಜೆರ್ಸಿಯ ಲ್ಯಾಂಬರ್ಟ್‌ವಿಲ್. ನಮ್ಮ ಮನೆಯಿಂದ ಹೊಳೆಗುಂಟ 29ನೇ ನಂಬರಿನ ರಸ್ತೆ ಹಿಡಿದರೆ ಸುಮಾರು 25 ಕಿ.ಮೀ.

ಕಾರನ್ನು ಆಚೆ ದಂಡೆಗೆ ಒಯ್ಯಬಾರದು. ಶನಿವಾರ, ಭಾನುವಾರ ಮಧ್ಯಾಹ್ನವಾದರೆ ನ್ಯೂ ಹೋಪ್‌ನ ಮೇನ್ ಸ್ಟ್ರೀಟಿನಲ್ಲಿ ಗಾಡಿ ಅಲುಗುವುದಿಲ್ಲ, ಮೀಟರು ಹಾಕಿದ ಜಾಗವೂ ಸಿಗುವುದಿಲ್ಲ. ಹತ್ತು ಗಂಟೆಯೊಳಗೆ ಲ್ಯಾಂಬರ್ಟ್‌ವಿಲ್‌ನಲ್ಲೇ ನಿಲ್ಲಿಸಿ ಸೇತುವೆ ಮೇಲೆ ನಡೆದು ಹೋಗೋಣ. ಹಾಗಂತ ಸೋಮವಾರ, ಮಂಗಳವಾರ ಹೋದರೆ ಹಲವು ಗ್ಯಾಲರಿಗಳ ಬಾಗಿಲು ಹಾಕಿರುತ್ತದೆ. ಗುರುವಾರ ಇಲ್ಲವೆ ಶುಕ್ರವಾರ ಒಳ್ಳೆಯದು.

ಆನೆಗೊಂದಿಯಲ್ಲಿ ಹರಿಗೋಲಿದ್ದ ಹಾಗೆ ಇಲ್ಲೂ ಮೊದಲು ದೋಣಿಗಡವೇ ಇತ್ತು. 1814ರಲ್ಲಿ ಸೇತುವೆ ಬಂತು. 1903ರ ಮಹಾಪೂರ ಆಗ ಅಲ್ಲಿದ್ದ ಸೇತುವೆಯನ್ನು ಹೊತ್ತೊಯ್ದ ಮೇಲೆ 1904ರಲ್ಲಿ ಈಗಿನ ಉಕ್ಕಿನ ಸೇತುವೆ ಕಟ್ಟಿದರು. ಉದ್ದ ಸುಮಾರು 320 ಮೀಟರು, ಸುಂಕವಿಲ್ಲ, ಪಕ್ಕದಲ್ಲಿ ನಡೆಯಲು ದಾರಿ ಇದೆ. ನಮ್ಮ ತುಂಗಭದ್ರೆಗೆ ನೀರು ಬಿಡುವ ಮುಂಚೆ ಡ್ಯಾಮಿನಿಂದ ಎಚ್ಚರಿಕೆ ಬರುತ್ತದೆ. ಡೆಲವೇರಿನ ಮುಖ್ಯ ಹೊಳೆಗೆ ದೊಡ್ಡ ಅಣೆಕಟ್ಟೇ ಇಲ್ಲ. 2004, 2005, 2006, ಸಾಲಾಗಿ ಮೂರು ವರ್ಷ ದಂಡೆ ಮೀರಿ ಬಂದಿತ್ತು. ಜೋರು ಮಳೆಯ ವಾರವಾದರೆ ಬೇರೆ ದಿನ ನೋಡೋಣ.

ಸೇತುವೆ ಇಳಿದು ಮೇನ್ ಸ್ಟ್ರೀಟಿನಲ್ಲಿ ಎಡಕ್ಕೆ ತಿರುಗಿದರೆ ಬಕ್ಸ್ ಕೌಂಟಿ ಪ್ಲೇಹೌಸ್. ಹಿಟ್ಟಿನ ಗಿರಣಿಯಾಗಿದ್ದ ಕಟ್ಟಡವನ್ನು 1939ರಲ್ಲಿ ನಾಟಕಮಂದಿರ ಮಾಡಿದರು. ನಡುವೆ ಮುಚ್ಚಿತ್ತು, 2012ರಲ್ಲಿ ಮತ್ತೆ ತೆರೆಯಿತು. ಟಿಕೇಟು ನಾನು ಮೊದಲೇ ತೆಗೆಸಿಡುತ್ತೇನೆ. ಊರಿನ ನಡುವೆ ಹಾದುಹೋಗುವ ಕಾಲುವೆ ನೀರಾವರಿಯದಲ್ಲ. ಈಸ್ಟನ್‌ನಿಂದ ಬ್ರಿಸ್ಟಲ್‌ವರೆಗೆ ಸುಮಾರು 96 ಕಿ.ಮೀ. ಕಲ್ಲಿದ್ದಲಿನ ದೋಣಿಗಳನ್ನು ಹೇಸರಗತ್ತೆಗಳು ದಂಡೆ ಮೇಲೆ ನಡೆದು ಎಳೆಯುತ್ತಿದ್ದವು. 1931ಕ್ಕೆ ಅದು ನಿಂತಿತು. ಹೇಸರಗತ್ತೆ ನಡೆದ ದಾರಿಯಲ್ಲೇ ಈಗ ಜನ ವಾಯುವಿಹಾರ ಮಾಡುತ್ತಾರೆ.

ಊರಿಗೆ ಕಲೆಯ ಹೆಸರು ಬಂದದ್ದು 1898ರ ಹೊತ್ತಿಗೆ ವಿಲಿಯಂ ಲೇತ್ರಾಪ್, ಎಡ್ವರ್ಡ್ ರೆಡ್‌ಫೀಲ್ಡ್ ಎಂಬ ಚಿತ್ರಕಾರರು ಸುತ್ತಮುತ್ತ ಬಂದು ನೆಲೆಸಿದ ಮೇಲೆ. ರೆಡ್‌ಫೀಲ್ಡ್ ಹಿಮದಲ್ಲೇ ನಿಂತು ಬರೆಯುತ್ತಿದ್ದ. ಗಾಳಿಗೆ ಹಾರದಂತೆ ನಾಲ್ಕಡಿ ಮೀರಿದ ಕ್ಯಾನ್ವಾಸನ್ನು ಮರಕ್ಕೆ ಕಟ್ಟಿ, ಒಂದೇ ಬೈಠಕ್ಕಿನಲ್ಲಿ ಮುಗಿಸುತ್ತಿದ್ದ. ಮಾರನೆಯ ದಿನ ಬೆಳಕೂ ಹಿಮವೂ ಹಾಗೇ ಇರುವುದಿಲ್ಲವಲ್ಲ. ಬಣ್ಣ ದಪ್ಪಗೆ ಮೆತ್ತಿರುತ್ತದೆ. ಹತ್ತಿರದಿಂದ ಬರೀ ಬಣ್ಣದ ಉಂಡೆಗಳು ಕಾಣುತ್ತವೆ, ಎಂಟು ಹತ್ತು ಹೆಜ್ಜೆ ಹಿಂದೆ ಸರಿದರೆ ಹೊಳೆ ಕಾಣುತ್ತದೆ. ಇವರ ಚಿತ್ರಗಳಿಗೆ ಡಾಯ್ಲ್ಸ್‌ಟೌನ್‌ನ ಮಿಚನರ್ ಮ್ಯೂಸಿಯಮ್ಮಿಗೇ ಹೋಗಬೇಕು. ಅದು ಹಳೆಯ ಜೈಲಿನ ಜಾಗದಲ್ಲಿದೆ. ಮೇನ್ ಸ್ಟ್ರೀಟಿನ ಅಂಗಡಿಗಳಲ್ಲಿ ಅರ್ಧ ಮಾಲು ಪ್ರವಾಸಿಗಳಿಗೆಂದೇ ಮಾಡಿದ್ದು, ಅಲ್ಲಿ ಹೊತ್ತು ಕಳೆಯುವುದು ಬೇಡ. ಊರಿಂದ ಬಡಗಣಕ್ಕೆ ಎರಡೂವರೆ ಕಿ.ಮೀ. ದೂರದ ಫಿಲಿಪ್ಸ್ ಮಿಲ್ ಕೂಡ ಹಳೆ ಗಿರಣಿಯೇ. ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಚಿತ್ರಪ್ರದರ್ಶನ ಅಕ್ಟೋಬರಿನಲ್ಲೇ ಇರುತ್ತದೆ.

ಇನ್ನು ನಿನ್ನ ಮರಗೆಲಸದ ವಿಷಯ. ಜಾರ್ಜ್ ನಕಾಶಿಮಾ ಎಂಬ ಮರಗೆಲಸದವರು 1943ರಿಂದ 1990ರಲ್ಲಿ ತೀರಿಕೊಳ್ಳುವವರೆಗೆ ಈ ಊರಿನ ಹತ್ತಿರವೇ ಇದ್ದರು. ಅದಕ್ಕೂ ಮುಂಚೆ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಗೋಲ್ಕಂಡ ಎಂಬ ವಸತಿಗೃಹ ಕಟ್ಟುವ ಕೆಲಸ ನೋಡಿಕೊಂಡವರು. ಅಲ್ಲಿ ಅವರಿಗೆ ಸುಂದರಾನಂದ ಎಂಬ ಹೆಸರೂ ಇತ್ತು. ಯುದ್ಧಕಾಲದಲ್ಲಿ ಜಪಾನಿ ಮೂಲದವರೆಂದು ಶಿಬಿರದಲ್ಲಿ ಕೂಡಿಹಾಕಿದಾಗ ಅಲ್ಲಿದ್ದ ಒಬ್ಬ ಜಪಾನಿ ಬಡಗಿಯಿಂದ ಕೈಗೆಲಸ ಕಲಿತರು.

ನಕಾಶಿಮಾ ಅವರ ಕಾರ್ಯಾಗಾರದಲ್ಲಿ ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಹಲಗೆಗಳನ್ನು ಸೀಳಿದ ಕ್ರಮದಲ್ಲೇ ಒಂದರ ಮೇಲೊಂದು ಜೋಡಿಸಿ, ನಡುವೆ ರೀಪು ಇಟ್ಟು ಒಣಗಿಸುತ್ತಾರೆ. ರೀಪು ಒಂದರ ಮೇಲೊಂದು ನೇರಕ್ಕೆ ಬರದಿದ್ದರೆ ಹಲಗೆ ಸೊಟ್ಟಗಾಗುತ್ತದೆ, ಅದು ನಿನಗೆ ಗೊತ್ತಿದ್ದದ್ದೇ. ತುದಿ ಬೇಗ ಒಣಗುತ್ತದೆ, ನಡು ತಡ. ಅದಕ್ಕೇ ತುದಿಯಲ್ಲಿ ಬಿರುಕು. ನಾವು ಆ ತುದಿಯನ್ನು ಕತ್ತರಿಸಿ ಒಲೆಗೆ ಹಾಕುತ್ತೇವೆ. ಇವರು ಬಿರುಕನ್ನು ಹಾಗೇ ಉಳಿಸಿ, ಅದಕ್ಕೆ ಅಡ್ಡಲಾಗಿ ಡಮರುಗದ ಆಕಾರದ ಗಟ್ಟಿಮರದ ಕೀಲು ಕೂರಿಸುತ್ತಾರೆ. ಕೀಲಿನ ಮರದ ಎಳೆ ಬಿರುಕನ್ನು ಅಡ್ಡ ಹಾಯಬೇಕು. ಬಿರುಕಿನ ಉದ್ದಕ್ಕೇ ಹರಿದರೆ ನಡುವಿನ ಸಣ್ಣ ಜಾಗದಲ್ಲಿ ಚಟ್ಟನೆ ಮುರಿಯುತ್ತದೆ. ಮೊದಲು ಕೀಲು ಮಾಡಿಕೊಂಡು, ಅದನ್ನೇ ಹಲಗೆ ಮೇಲಿಟ್ಟು ಮೊನಚು ಚಾಕುವಿನಿಂದ ಗೆರೆ ಎಳೆದು, ಗೆರೆಯ ಒಳಗೇ ಉಳಿ ಹಾಕುವುದು ಈ ಕೆಲಸದ ಕ್ರಮ. ಪೆನ್ಸಿಲಿನ ಗೆರೆ ದಪ್ಪವಾಗಿ ಸಂದು ಬೀಳುತ್ತದೆ. ಅಲ್ಲಿಯ ಮೇಜುಗಳ ಮೇಲೆ ಬೆರಳಾಡಿಸಿದರೆ ಉಗುರಿಗೂ ಸಂದು ಸಿಗುವುದಿಲ್ಲ. ಮುಟ್ಟುವ ಮುಂಚೆ ಕೇಳಬೇಕು, ಅಷ್ಟೆ. ಈಗ ಮಗಳು ಮೀರಾ ಆ ಕೆಲಸ ಮುಂದುವರಿಸಿದ್ದಾರೆ. ಹೋಗುವ ದಿನ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಕಾರೂ ಬೇಕು. ಹಾಗಾಗಿ ಬೆಳಿಗ್ಗೆ ನಡೆದು ಊರು, ಮಧ್ಯಾಹ್ನ ಕಾರು ತೆಗೆದುಕೊಂಡು ನಕಾಶಿಮಾ ಅಂತ ಇಟ್ಟುಕೊಳ್ಳೋಣ. ತಿಂಗಳ ಕೊನೆಗೆ ಸಂಜೆ ಆರರ ಹೊತ್ತಿಗೇ ಬೆಳಕು ಇಳಿಯುತ್ತದೆ.

ಅತ್ತಿಗೆಗೆ ಸ್ವೆಟರ್, ನಿನಗೆ ಬೂಟು ಮರೆಯಬೇಡ, ಚಪ್ಪಲಿಯಲ್ಲಿ ಕಾಲುವೆ ದಂಡೆ ನಡೆಯಲಾಗದು. ಕಿನ್ನಾಳದ ಗೊಂಬೆ ತರುವುದಾದರೆ ಏರ್‌ಪೋರ್ಟಿನಲ್ಲಿ ಮರದ ಸಾಮಾನು ಇದೆ ಎಂದು ಹೇಳಿ ತೋರಿಸು. ತೊಗಟೆ ಇರುವ ಮರ ಮಾತ್ರ ತರಲೇಬೇಡ, ಹುಳದ ಭಯಕ್ಕೆ ತಡೆದು ಇಟ್ಟುಕೊಳ್ಳುತ್ತಾರೆ.

ಅಪ್ಪ, ಅವ್ವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ